ಜಙ್‌ಹೋ: ಒಂದು ಹೆಸರು ಕಾಗದಕ್ಕೆ ಇಳಿಯಲು ಹಿಡಿದ ಏಳು ತಿಂಗಳು

ಮಗನ ಓಸಿಐ ಕಾರ್ಡ್, ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್, ಕೈಗೆ ಬಂದು ಮೂರು ವಾರವಾಯಿತು. ಬಂದ ದಿನ ಅವನ ಅಷ್ಟೂ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿದೆ. ಒಂದೊಂದರಲ್ಲೂ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಓದಿದೆ. ಎಲ್ಲದರಲ್ಲೂ ಒಂದೇ ಇತ್ತು. ಆಮೇಲೇ ನಾನು ಕಾಫಿ ಕುಡಿದದ್ದು.

ನಾನು ತೀರ್ಥಹಳ್ಳಿಯವಳು, ಗಂಡ ಕೊರಿಯಾದವರು. ನಾವಿರುವುದು ಸೋಲ್‌ನಿಂದ ದಕ್ಷಿಣಕ್ಕಿರುವ ಸುವನ್ ಊರಿನಲ್ಲಿ. ಹೆಸರಿಡುವುದು ಅಂದರೆ ಒಂದು ದಿನದ ಸಂಭ್ರಮ ಅಂತ ನಾನು ತಿಳಿದಿದ್ದೆ. ನಮಗೆ ಮಗು ಹುಟ್ಟಿದ ಮೇಲೆ ಏಳು ತಿಂಗಳು ಹಿಡಿಯಿತು. ಹೆಸರಿನ ಅರ್ಥ ಒಂದು ಕಡೆ, ಅದನ್ನು ಬರೆಯುವುದು ಇನ್ನೊಂದು ಕಡೆ, ಎರಡೂ ಕಾಡಿದವು. ಇಲ್ಲಿ ಮದುವೆಯಾಗಿರುವ ನಮ್ಮ ಹುಡುಗಿಯರು ಕೆಲವರು ಈಗಾಗಲೇ ನನ್ನನ್ನು ಕೇಳಿದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮಗು ಹೊಟ್ಟೆಯಲ್ಲಿರುವಾಗಲೇ ಇಲ್ಲಿ ಒಂದು ಮುದ್ದಿನ ಹೆಸರು ಇಡುತ್ತಾರೆ. ಅದಕ್ಕೆ 'ತೆಮ್ಯಙ್' ಅನ್ನುತ್ತಾರೆ. ಮೊದಲ ಸ್ಕ್ಯಾನಿಂಗ್‌ನಲ್ಲಿ ಕಂಡ ಚುಕ್ಕೆ ಅವರೆಕಾಳಿನ ಹಾಗಿತ್ತು. ಗಂಡ ಆವತ್ತೇ 'ಕೊಙಿ' ಅಂತ ಕರೆದರು. ಕೊಙ್ ಅಂದರೆ ಕಾಳು. ಇದು ಯಾವ ಕಾಗದದಲ್ಲೂ ಬರುವುದಿಲ್ಲ. ಹುಟ್ಟಿದ ಮೇಲೂ ಎಷ್ಟೋ ದಿನ ಅವನು ನಮಗೆ ಕೊಙಿಯೇ ಆಗಿದ್ದ.

ನಿಜವಾದ ಹೆಸರಿನ ಮಾತು ಬಸಿರಿನ ಏಳನೇ ತಿಂಗಳಲ್ಲಿ ಶುರುವಾಯಿತು. ನನಗೆ ಒಂದೇ ಆಸೆ ಇತ್ತು. ಹೆಸರಿನಲ್ಲಿ ಎಲ್ಲಾದರೂ ನೀರು ಇರಬೇಕು, ಹೊಳೆ ಇರಬೇಕು. ನಾನು ತುಂಗೆಯ ದಡದಲ್ಲಿ ಬೆಳೆದವಳು, ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಗಂಡ ಕೂಡಲೇ 'ಕರಮ್' ಅಂದರು. ನದಿಗೆ ಕೊರಿಯಾದ ಹಳೆಯ ಮಾತು ಅದು. ಇಂಗ್ಲಿಷಿನಲ್ಲಿ ಜಿ ಅಕ್ಷರದಿಂದ ಬರೆಯುತ್ತಾರೆ. ವಿಡಿಯೋ ಕಾಲ್‌ನಲ್ಲಿ ಅದನ್ನು ಓದಿದ ಅಮ್ಮ, "ಗರಂ ಅಂತ ಇಡ್ತೀರೇನೇ ಮಗೂಗೆ?" ಅಂದರು. ಬಿಸಿ ಅನ್ನುವ ಅರ್ಥ ನಮ್ಮವರ ಕಿವಿಯಿಂದ ಹೋಗುವಂಥದ್ದಲ್ಲ. ಅದನ್ನು ಬಿಟ್ಟೆವು.

ಕರಮ್ ಥರದ ಹೆಸರುಗಳು ಅಚ್ಚ ಕೊರಿಯನ್ ಮಾತುಗಳು. ಅವನ್ನು ಹಂಗುಲ್ ಲಿಪಿಯಲ್ಲಿ ಬರೆದರೆ ಮುಗಿಯಿತು. ಆದರೆ ಜಾಸ್ತಿ ಹೆಸರುಗಳು ಹಾಗಿಲ್ಲ. ಸಾಮಾನ್ಯವಾಗಿ ಮನೆತನದ ಹೆಸರಿಗೆ ಒಂದು ಅಕ್ಷರ, ಸ್ವಂತ ಹೆಸರಿಗೆ ಎರಡು ಅಕ್ಷರ. ಈ ಒಂದೊಂದು ಅಕ್ಷರದ ಹಿಂದೆಯೂ ಒಂದು ಚೀನೀ ಅಕ್ಷರ ಇರುತ್ತದೆ. ಅದನ್ನು 'ಹಂಜಾ' ಅನ್ನುತ್ತಾರೆ. ಅರ್ಥ ಇರುವುದು ಅದರಲ್ಲಿ. ಒಂದೇ ಶಬ್ದಕ್ಕೆ ಹತ್ತಾರು ಹಂಜಾ ಇವೆ. ಹಾಗಾಗಿ ಒಂದೇ ಹೆಸರಿನ ಇಬ್ಬರು ಹುಡುಗರ ಹೆಸರಿಗೆ ಎರಡು ಬೇರೆ ಬೇರೆ ಅರ್ಥ ಇರಬಹುದು. ಇಂಟರ್‌ನೆಟ್‌ನಲ್ಲಿ ಹುಡುಕಿ, ಈ ಕೊರಿಯನ್ ಹೆಸರಿನ ಅರ್ಥ ಇದು ಅಂತ ನಂಬಬೇಡಿ. ಹಂಜಾ ನೋಡದೆ ಯಾರೂ ಅರ್ಥ ಹೇಳಲು ಬರುವುದಿಲ್ಲ. ಇದು ತಿಳಿಯುವ ಮೊದಲು ನಾನು ಎರಡು ವಾರ ಸುಮ್ನೆ ಪಟ್ಟಿ ಮಾಡುತ್ತಾ ಕಳೆದೆ.

ಆ ಪಟ್ಟಿ ಹಿಡಿದು ಅತ್ತೆ ಮಾವನ ಮನೆಗೆ ಹೋದೆವು. ಮಾವ ಪಟ್ಟಿ ನೋಡಿದರು, ಏನೂ ಹೇಳಲಿಲ್ಲ. ಒಳಗೆ ಹೋಗಿ ದಪ್ಪನೆಯ ಪುಸ್ತಕ ತಂದರು. ಅದು 'ಜೊಕ್ಬೊ', ಅವರ ಕುಲದ ವಂಶಾವಳಿ. ಒಂದು ಪುಟದಲ್ಲಿ ತಲೆಮಾರಿಗೊಂದು ಅಕ್ಷರ ಮೊದಲೇ ಬರೆದಿಟ್ಟಿತ್ತು. ಇದಕ್ಕೆ 'ತೊಲ್ಲಿಮ್‌ಜಾ' ಅನ್ನುತ್ತಾರೆ. ಒಂದು ತಲೆಮಾರಿನ ಅಣ್ಣತಮ್ಮಂದಿರು, ದಾಯಾದಿಗಳು ಎಲ್ಲರ ಹೆಸರಿನಲ್ಲೂ ಆ ಅಕ್ಷರ ಬರುತ್ತದೆ. ಹೆಸರು ಕೇಳಿದ ಕೂಡಲೇ ಯಾರು ಯಾರಿಗೆ ಚಿಕ್ಕಪ್ಪ, ಯಾರು ಯಾರಿಗೆ ತಮ್ಮ ಅಂತ ಗೊತ್ತಾಗುತ್ತದೆ. ಎಷ್ಟೋ ಕುಲಗಳಲ್ಲಿ ಈ ಅಕ್ಷರಗಳನ್ನು ಪಂಚಭೂತಗಳ ಥರದ ಐದು ತತ್ವಗಳ ಸಾಲಿನಲ್ಲಿ ಜೋಡಿಸಿರುತ್ತಾರೆ: ಮರ, ಬೆಂಕಿ, ಮಣ್ಣು, ಲೋಹ, ನೀರು. ಗಂಡನ ಹೆಸರಿನಲ್ಲಿ 'ಹ್ಯನ್' ಇದೆ. ಆ ಅಕ್ಷರದ ಎಡಗಡೆ ಲೋಹದ ಗುರುತಿದೆ. ಲೋಹದ ನಂತರ ಬರುವುದು ನೀರು.

ಮಾವ ಮುಂದಿನ ಅಕ್ಷರದ ಮೇಲೆ ಬೆರಳಿಟ್ಟು 'ಹೋ' ಅಂದರು. ಎಡಗಡೆ ಮೂರು ಚಿಕ್ಕ ಗೀಟು ಇದ್ದವು. ಅವು ನೀರಿನ ಹನಿಗಳು. ಅಕ್ಷರದ ಅರ್ಥ, ಹರಿಯುವ ನೀರಿನಷ್ಟು ವಿಶಾಲವಾದದ್ದು. ನನ್ನ ಆಸೆಯನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಎರಡನೇ ಅಕ್ಷರ ಹೀಗೆ ಸಿಕ್ಕಿತು. ಇನ್ನು ಮೊದಲನೆಯದು. ಮಿನ್‌ಹೋ ನನಗೆ ಇಷ್ಟವಾಗಿತ್ತು. ಅತ್ತೆ ಮೆಲ್ಲಗೆ ಬೇಡ ಅಂದರು. ಗಂಡನ ಅಜ್ಜನ ಹೆಸರಿನಲ್ಲಿ ಮಿನ್ ಇದೆ. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟರೆ ಅಜ್ಜನಿಗೆ ಸಂತೋಷ, ಅಲ್ವಾ? ಇಲ್ಲಿ ಅದು ಅಗೌರವ. ಹಿರಿಯರ ಹೆಸರನ್ನು ಒಂದೇ ಉಸಿರಿಗೆ ಹೇಳುವುದೂ ಇಲ್ಲ, ಒಂದೊಂದು ಅಕ್ಷರಕ್ಕೂ 'ಜಾ' ಸೇರಿಸಿ ಬಿಡಿಸಿ ಹೇಳುತ್ತಾರೆ. ಹೆಸರು ಹುಡುಕುವ ಮೊದಲೇ ಎರಡು ಮೂರು ತಲೆಮಾರಿನ ಹಿರಿಯರ ಹೆಸರು ಕೇಳಿಕೊಂಡು ಬಿಡಿ. ಜುನ್‌ಹೋ ಕೂಡ ಆಗಲಿಲ್ಲ, ಗಂಡನ ಅಣ್ಣನ ಮಗನೇ ಜುನ್‌ಹೋ.

ಮಾವ ಸೂಚಿಸಿದ್ದು 'ಜಙ್'. ಅವರ ಮನಸ್ಸಿನಲ್ಲಿದ್ದ ಹಂಜಾದ ಅರ್ಥ ನೇರ, ನ್ಯಾಯವಾದದ್ದು. ಐದೇ ಗೀಟಿನ ಅಕ್ಷರ. ಅದನ್ನು ನಾನು ಮೊದಲೇ ನೋಡಿದ್ದೆ, ಅಕ್ಷರ ಅಂತ ಗೊತ್ತಿರಲಿಲ್ಲ ಅಷ್ಟೆ. ನಾವು ಲೆಕ್ಕ ಹಾಕುವಾಗ ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುತ್ತೇವಲ್ಲ, ಇವರು ಈ ಅಕ್ಷರವನ್ನು ಒಂದೊಂದೇ ಗೀಟಾಗಿ ಬರೆಯುತ್ತಾ ಹೋಗುತ್ತಾರೆ. ಅಕ್ಷರ ಪೂರ್ತಿಯಾದರೆ ಐದು. ಶಾಲೆಯಲ್ಲಿ ಕ್ಲಾಸ್ ಲೀಡರ್ ಆರಿಸುವಾಗ ವೋಟು ಎಣಿಸುವುದೂ ಹೀಗೆಯೇ. ಮಾವ ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದರು.

ಅಕ್ಟೋಬರ್ ಮೊದಲ ವಾರದಲ್ಲಿ ಮಗು ಹುಟ್ಟಿತು. ಮುಂದಿನ ಎರಡು ವಾರ ನಾನು ಬಾಣಂತಿಯರ ಆರೈಕೆ ಕೇಂದ್ರದಲ್ಲಿದ್ದೆ. ಆ ಹೊತ್ತಿನಲ್ಲಿ ಅತ್ತೆ ಹೆಸರು ನೋಡುವವರ ಹತ್ತಿರ ಹೋದರು. ಇಂಥ ಜಾಗಕ್ಕೆ 'ಜಙ್‌ಮ್ಯಙ್‌ಸೊ' ಅನ್ನುತ್ತಾರೆ. ಹುಟ್ಟಿದ ವರ್ಷ, ತಿಂಗಳು, ದಿನ, ಗಂಟೆ ನಾಲ್ಕನ್ನೂ ತೆಗೆದುಕೊಂಡು ನಮ್ಮ ಜಾತಕದ ಹಾಗೆ ಲೆಕ್ಕ ಹಾಕುತ್ತಾರೆ. ಆ ಹೆಂಗಸು ಹುಟ್ಟಿದ ಸಮಯದಿಂದ ಅರ್ಧ ಗಂಟೆ ಕಳೆದರಂತೆ. ಕೊರಿಯಾದ ಗಡಿಯಾರ 135 ಡಿಗ್ರಿ ಪೂರ್ವ ರೇಖಾಂಶದ್ದು, ಸೋಲ್ ಇರುವುದು 127 ಡಿಗ್ರಿಯ ಆಸುಪಾಸಿನಲ್ಲಿ. ಸೂರ್ಯನ ಲೆಕ್ಕಕ್ಕೆ ಅಷ್ಟು ವ್ಯತ್ಯಾಸ. ಅದೇ ಹೊತ್ತಿಗೆ ತೀರ್ಥಹಳ್ಳಿಯಲ್ಲಿ ಅಪ್ಪ ಅದೇ ಸಮಯದಿಂದ ಮೂರೂವರೆ ಗಂಟೆ ಕಳೆದು ಪಂಚಾಂಗ ಬಿಡಿಸಿ ಕೂತಿದ್ದರು. ಉತ್ತರಾಷಾಢ ನಕ್ಷತ್ರ, ಮೂರನೇ ಪಾದ. ಬೇ, ಬೋ, ಜಾ, ಜೀ ಅಂತ ಎಣಿಸಿ, "ಜ ಬಂತು ಮಗಳೇ" ಅಂದರು. ಎರಡು ದೇಶದ ಎರಡು ಲೆಕ್ಕ ಒಂದೇ ಅಕ್ಷರಕ್ಕೆ ಬಂದು ನಿಂತಿತ್ತು.

ಆದರೆ ಹೆಸರು ನೋಡುವವರು ಮಾವನ 'ನೇರ' ಅಕ್ಷರವನ್ನು ಒಪ್ಪಲಿಲ್ಲ. ಅವರು ಗೀಟುಗಳನ್ನು ಎಣಿಸುತ್ತಾರೆ. ನಮ್ಮ ಮನೆತನದ ಅಕ್ಷರ 'ಈ'. ಅದರ ಅರ್ಥ ಪ್ಲಮ್ ಹಣ್ಣಿನ ಮರ. ಅದಕ್ಕೆ ಏಳು ಗೀಟು. ಹೋ ಅಕ್ಷರವನ್ನು ಕೈಯಲ್ಲಿ ಬರೆದರೆ ಹತ್ತು ಗೀಟು, ಅವರ ಲೆಕ್ಕದಲ್ಲಿ ಹನ್ನೊಂದು. ಮೂರು ಹನಿ ಅನ್ನುವುದು ನೀರಿನ ಪೂರ್ತಿ ಅಕ್ಷರದ ಚಿಕ್ಕ ರೂಪ, ಪೂರ್ತಿ ಬರೆದರೆ ನಾಲ್ಕು ಗೀಟು, ಅದಕ್ಕೆ. ಏಳು ಮತ್ತು ಐದು ಸೇರಿದರೆ ಹನ್ನೆರಡು. ಅದು ಒಳ್ಳೆಯ ಸಂಖ್ಯೆ ಅಲ್ಲ ಅಂದರು. ಜಾತಕದಲ್ಲಿ ನೀರು ಕಡಿಮೆ ಇದೆ ಅಂತಲೂ ಹೇಳಿದರು. ಶಬ್ದ ಹಾಗೇ ಇರಲಿ, ಅಕ್ಷರ ಬದಲಿಸಿ ಅಂತ ಇನ್ನೊಂದು ಜಙ್ ಬರೆದುಕೊಟ್ಟರು. ಇದಕ್ಕೂ ಎಡಗಡೆ ಮೂರು ಹನಿ. ಬಲಗಡೆ ಒಂದು ಮೊಳೆಯ ಹಾಗಿನ ಗುರುತು. ಅರ್ಥ: ನೀರಿನ ದಡ.

ಅತ್ತೆ ಫೋನಿನಲ್ಲಿ ಆ ಕಾಗದದ ಫೋಟೋ ಕಳಿಸಿದಾಗ ರಾತ್ರಿ ಒಂಬತ್ತು ಗಂಟೆ. ಮಗುವಿಗೆ ಹಾಲು ಕುಡಿಸುತ್ತಿದ್ದೆ. ಜಙ್, ದಡ. ಹೋ, ವಿಶಾಲವಾದ ನೀರು. ನಮ್ಮನೆ ಹಿಂದೆ ತುಂಗೆ ತಿರುಗುವ ಜಾಗ ಕಣ್ಣ ಮುಂದೆ ಬಂತು. ನನಗೆ ಗೀಟಿನ ಲೆಕ್ಕದಲ್ಲಿ ದೊಡ್ಡ ನಂಬಿಕೆ ಇಲ್ಲ. ಆದರೂ ಆ ಹೆಂಗಸಿಗೆ ನಾನು ಜೀವನಪೂರ್ತಿ ಋಣಿ. ಮಾವನಿಗೆ ತಮ್ಮ ಅಕ್ಷರ ಹೋಯಿತು ಅನ್ನುವ ಬೇಸರ ಇರಬಹುದು ಅಂತ ಹೆದರಿದ್ದೆ. ಅವರು ಎರಡು ದಿನ ಬಿಟ್ಟು ದಪ್ಪ ಕುಂಚದಲ್ಲಿ ಮೂರೂ ಅಕ್ಷರ ಬರೆದು ಕಳಿಸಿದರು.

ಖರ್ಚು ಹೇಳಿಬಿಡುತ್ತೇನೆ. ನಾವು ಕೊಟ್ಟದ್ದು ಎರಡು ಲಕ್ಷ ವಾನ್, ನಮ್ಮ ದುಡ್ಡಿನಲ್ಲಿ ಸುಮಾರು ಹನ್ನೆರಡು ಸಾವಿರ ರೂಪಾಯಿ. ಇದು ಕಡ್ಡಾಯ ಏನಲ್ಲ. ಹಂಜಾ ಇಲ್ಲದೆ ಬರೀ ಹಂಗುಲ್ ಹೆಸರನ್ನೂ ನೋಂದಾಯಿಸಬಹುದು. ಹಂಜಾ ಇಡುವುದಾದರೆ ಅದು ಸುಪ್ರೀಂ ಕೋರ್ಟ್ ಹೆಸರಿಗಾಗಿ ಒಪ್ಪಿದ ಅಕ್ಷರಗಳ ಪಟ್ಟಿಯಲ್ಲಿ ಇರಬೇಕು. 1991ರಲ್ಲಿ ಈ ಪಟ್ಟಿ ಬಂದಾಗ ಮೂರು ಸಾವಿರ ಅಕ್ಷರವೂ ಇರಲಿಲ್ಲ. 2015ಕ್ಕೆ ಎಂಟು ಸಾವಿರ ದಾಟಿತು, ಆಮೇಲೂ ಬೆಳೆದಿದೆ. ದುಡ್ಡು ಕೊಡುವ ಮೊದಲು ನಿಮ್ಮ ಅಕ್ಷರ ಪಟ್ಟಿಯಲ್ಲಿ ಇದೆಯೇ ನೋಡಿಕೊಳ್ಳಿ.

ಇನ್ನು ಜನನ ನೋಂದಣಿ. ಹುಟ್ಟಿದ ಒಂದು ತಿಂಗಳೊಳಗೆ ಮಾಡಬೇಕು. ತಡವಾದರೆ ಐವತ್ತು ಸಾವಿರ ವಾನ್ ತನಕ ದಂಡ. 2024ರ ಜುಲೈನಿಂದ ಆಸ್ಪತ್ರೆಯೇ ಸರ್ಕಾರಕ್ಕೆ ಹೆರಿಗೆಯ ಸುದ್ದಿ ಕಳಿಸುತ್ತದೆ. ಹಾಗಂತ ನಾವು ಸುಮ್ಮನೆ ಕೂರುವ ಹಾಗಿಲ್ಲ, ಹೆಸರು ಬರೆದು ನೋಂದಾಯಿಸುವುದು ತಂದೆ ತಾಯಿಯ ಕೆಲಸವೇ. ಇನ್ನೊಂದು ಮಾತು. ಮಗುವಿಗೆ ತಾಯಿಯ ಮನೆತನದ ಹೆಸರು ಇಡಬೇಕು ಅನ್ನುವವರು ಮದುವೆ ನೋಂದಣಿಯ ದಿನವೇ ಹೇಳಬೇಕು. ಆ ಅರ್ಜಿಯಲ್ಲೇ ಅದಕ್ಕೊಂದು ಪ್ರಶ್ನೆ ಇದೆ. ನಾವು ತಂದೆಯ ಕಡೆಯದನ್ನೇ ಇಟ್ಟುಕೊಂಡಿದ್ದೆವು.

ಇಪ್ಪತ್ತನೇ ದಿನ ನಾವಿಬ್ಬರೂ ಮಗುವನ್ನು ಅತ್ತೆಗೆ ಬಿಟ್ಟು ಕಚೇರಿಗೆ ಹೋದೆವು. ಆಸ್ಪತ್ರೆಯ ಜನನ ಪತ್ರ, ನಮ್ಮಿಬ್ಬರ ಗುರುತಿನ ಚೀಟಿ, ನನ್ನ ಪಾಸ್‌ಪೋರ್ಟ್, ಎಲ್ಲಾ ಇತ್ತು. ನೋಡುತ್ತಿದ್ದ ಹುಡುಗಿ ಎರಡು ಕಾಗದ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದಳು. ತೊಂದರೆ ಮಗುವಿನ ಹೆಸರಿನಲ್ಲಿ ಇರಲಿಲ್ಲ, ನನ್ನ ಹೆಸರಿನಲ್ಲಿತ್ತು.

ನಾನು ವೀಣಾ. ಕೊರಿಯನ್ ಭಾಷೆಯಲ್ಲಿ ವ ಇಲ್ಲ, ಬ ಆಗುತ್ತದೆ. ಆಸ್ಪತ್ರೆಯವರು ನನ್ನನ್ನು ಕೇಳಿ ಹಂಗುಲ್‌ನಲ್ಲಿ 'ಬಿನಾ' ಅಂತ ಬರೆದಿದ್ದರು. ಮದುವೆ ನೋಂದಣಿಯಲ್ಲಿ ಯಾರೋ ಪಾಸ್‌ಪೋರ್ಟಿನ ಸ್ಪೆಲಿಂಗ್ ನೋಡಿ, ಎರಡು ಇ ಇದೆಯಲ್ಲ ಅಂತ 'ಬೆಎನಾ' ಅಂತ ಬರೆದಿದ್ದರು. ಮದುವೆಯ ಸಂಭ್ರಮದಲ್ಲಿ ನಾವದನ್ನು ನೋಡಿರಲಿಲ್ಲ. ಕಾಗದದ ಲೆಕ್ಕದಲ್ಲಿ ಇಬ್ಬರು ಬೇರೆ ಹೆಂಗಸರು. ಹೆತ್ತವಳು ಒಬ್ಬಳು, ಹೆಂಡತಿ ಇನ್ನೊಬ್ಬಳು. ಆ ಹುಡುಗಿ ತುಂಬಾ ವಿನಯದಿಂದಲೇ ಹೇಳಿದಳು, ಆದರೂ ನನಗೆ ಅಳು ತಡೆಯಲಾಗಲಿಲ್ಲ. ಹೆರಿಗೆಯಾಗಿ ಇಪ್ಪತ್ತು ದಿನವಾಗಿತ್ತು, ನಿದ್ದೆ ಇರಲಿಲ್ಲ. ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ.

ಪರಿಹಾರ ಸುಲಭದ್ದೇ ಆಗಿತ್ತು. ಆಸ್ಪತ್ರೆಯವರು ಜನನ ಪತ್ರವನ್ನು ಮದುವೆ ದಾಖಲೆಯ ಹಾಗೆ ತಿದ್ದಿ ಕೊಟ್ಟರು. ಎರಡು ದಿನ ಹಿಡಿಯಿತು, ಅಷ್ಟೆ. ಆದರೆ ನೀವು ಈ ಎರಡು ದಿನ ಉಳಿಸಿಕೊಳ್ಳಿ. ಆಸ್ಪತ್ರೆಗೆ ಸೇರುವಾಗಲೇ ಗಂಡನ ಕುಟುಂಬ ದಾಖಲೆಯ ಪ್ರತಿ ಕೊಟ್ಟು, ನನ್ನ ಹೆಸರು ಹೀಗೇ ಇರಲಿ ಅಂತ ಹೇಳಿ.

ಎರಡನೇ ಸಲ ಹೋದಾಗ ಅದೇ ಹುಡುಗಿ. ಹೆಸರಿನ ಹಂಜಾ ಕೇಳಿದಳು. ಇಲ್ಲಿ ಅಕ್ಷರವನ್ನು ಅರ್ಥ ಮತ್ತು ಶಬ್ದ ಸೇರಿಸಿ ಹೇಳುತ್ತಾರೆ. "ಪಾರುಲ್ ಜಙ್?" ಅಂದಳು, ಅಂದರೆ 'ನೇರ'ದ ಜಙ್ ತಾನೇ ಅಂತ. ಜಾಸ್ತಿ ಜನ ಇಡುವುದು ಅದನ್ನೇ. "ಅಲ್ಲ, ಮುಲ್‌ಗಾ ಜಙ್. ನಲ್‌ಬುಲ್ ಹೋ," ಅಂದೆ. ದಡದ ಜಙ್, ವಿಶಾಲದ ಹೋ. ಆ ಎರಡು ಮಾತನ್ನು ಸ್ಪಷ್ಟವಾಗಿ ಹೇಳಲು ಬಾಣಂತಿ ಮಂಚದಲ್ಲಿ ಮಲಗಿಕೊಂಡೇ ಕಲಿತಿದ್ದೆ. ಅವಳು ಟೈಪ್ ಮಾಡಿ, ಕಂಪ್ಯೂಟರ್ ತೆರೆಯನ್ನು ನಮ್ಮ ಕಡೆ ತಿರುಗಿಸಿ, "ಅಮೊನಿಮ್, ಸರಿಯಿದೆಯಾ ನೋಡಿ," ಅಂದಳು. ಮಗುವಿನ ತಾಯಿಯನ್ನು ಹಾಗೆ 'ಅಮ್ಮಾ' ಅಂತಲೇ ಕರೆಯುತ್ತಾರೆ.

ಗಂಡ ತಲೆಯಾಡಿಸಿ ಆಗಿತ್ತು. ನಾನು ನೋಡಿದೆ. ಜಙ್ ಸರಿ ಇತ್ತು. ಹೋ ಅಕ್ಷರದ ಬಲಭಾಗವೂ ಸರಿ, ಕೆಳಗೆ ಬಾಯಿಯ ಗುರುತಾದ ಪುಟ್ಟ ಚೌಕ ಇತ್ತು. ಎಡಗಡೆ ಮಾತ್ರ ಮೂರು ಹನಿ ಇರಲಿಲ್ಲ. ಅಲ್ಲಿ ಒಂದು ಉದ್ದ ಚೌಕ, ಒಳಗೊಂದು ಅಡ್ಡ ಗೀಟು, ತಲೆಯ ಮೇಲೊಂದು ಚುಕ್ಕೆ. ಅದು 'ಬಿಳಿ' ಅನ್ನುವ ಗುರುತು. ಶಬ್ದ ಅದೇ ಹೋ. ಅರ್ಥ ಬಿಳುಪು, ಹೊಳಪು. ಅದೂ ಒಳ್ಳೆಯ ಅಕ್ಷರವೇ. ಆದರೆ ಅದರಲ್ಲಿ ನೀರಿಲ್ಲ. ಮಾವನ ಜೊಕ್ಬೊದಲ್ಲಿ ಇರುವ ಅಕ್ಷರ ಅದಲ್ಲ.

"ಇದರಲ್ಲಿ ನೀರಿಲ್ಲ," ಅಂದುಬಿಟ್ಟೆ. ಸರಿಯಾದ ವ್ಯಾಕರಣ ಬಾಯಿಗೆ ಬರಲಿಲ್ಲ, ಬರೀ 'ನೀರು, ಇಲ್ಲ' ಅಂದೆ. ಅವಳು ನೋಡಿ, ಗಾಬರಿಯಾಗಿ ತಲೆಬಾಗಿ ಕ್ಷಮೆ ಕೇಳಿ ಸರಿ ಮಾಡಿದಳು. ಪಟ್ಟಿಯಲ್ಲಿ ಒಂದೇ ಬಲಭಾಗ ಇರುವ ಹೋಗಳು ಸಾಲಾಗಿ ನಿಂತಿದ್ದವು, ಒಂದಕ್ಕೆ ನೀರು, ಒಂದಕ್ಕೆ ಬಿಳಿ, ಒಂದಕ್ಕೆ ಸೂರ್ಯ. ದಾಖಲೆಗೆ ಇಳಿದ ಮೇಲೆ ತಿಳಿದಿದ್ದರೆ ಎಷ್ಟು ಅಲೆಯಬೇಕಿತ್ತೋ. ಹೆಸರು ಬದಲಿಸಬೇಕು ಅಂದರೆ ಕೌಟುಂಬಿಕ ನ್ಯಾಯಾಲಯದ ಅನುಮತಿ ಬೇಕು. ನಿಮಗೆ ಹಂಜಾ ಓದಲು ಬರದಿದ್ದರೂ ಪರವಾಗಿಲ್ಲ, ನಿಮ್ಮ ಮಗುವಿನ ಎರಡು ಅಕ್ಷರವನ್ನು ಇಪ್ಪತ್ತು ಸಲ ಕೈಯಾರೆ ಬರೆದು ಹೋಗಿ. ಕೈಗೆ ಗೊತ್ತಿದ್ದರೆ ಕಣ್ಣು ಹಿಡಿಯುತ್ತದೆ.

ಪಾಸ್‌ಪೋರ್ಟಿನ ಕಥೆ ಜನವರಿಯದು, ಮಗುವಿಗೆ ನೂರು ದಿನ ತುಂಬಿದ ಮೇಲೆ. ಈಗ ಹೆಸರು ಇಂಗ್ಲಿಷ್ ಅಕ್ಷರಕ್ಕೆ ಇಳಿಯಬೇಕು. ಅದಕ್ಕೆ ಮೊದಲು ಉಚ್ಚಾರಣೆ ಹೇಳಬೇಕು. 'ಜಙ್' ಅಕ್ಷರದ ಸ್ವರ ನಮ್ಮ ಅ ಮತ್ತು ಒ ನಡುವಿನದು. ಒ ಹೇಳಲು ಬಾಯಿ ತೆರೆದು ತುಟಿ ದುಂಡಗೆ ಮಾಡದೆ ಬಿಟ್ಟರೆ ಬರುತ್ತದೆ. ಮೊದಲ ವ್ಯಂಜನ ಬರೀ ಹೆಸರು ಕರೆದಾಗ ಚ ಕಡೆಗೆ ವಾಲುತ್ತದೆ, ಮನೆತನದ 'ಈ' ಸೇರಿಸಿ ಕರೆದಾಗ ಜ ಆಗುತ್ತದೆ. ಅವರ ಪಾಲಿಗೆ ಎರಡೂ ಒಂದೇ ಅಕ್ಷರ. ಕೊನೆಯದು ಗ್ ಅಲ್ಲ. ಮೂಗಿನಲ್ಲೇ ನಿಲ್ಲುವ ಸದ್ದು. ನಮ್ಮ ವರ್ಣಮಾಲೆಯ ಙ.

ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಙ ಅಂತ ಕೂಗಿದ್ದೆವು. ಆಮೇಲೆ ಆ ಅಕ್ಷರವನ್ನು ಬರೆದದ್ದೇ ಇಲ್ಲ. ನನ್ನ ಮಗನ ಹೆಸರಿಗೆ ಅದು ಬೇಕಾಯಿತು. 'ಜಂಗ್' ಅಂತ ಸೊನ್ನೆ ಹಾಕಿ ಬರೆದರೆ ಗ ಕೇಳುತ್ತದೆ, 'ಜಙ್' ಅಂದರೆ ಇಲ್ಲ. ಹಂಗುಲ್‌ನಲ್ಲಿ ಈ ಸದ್ದಿಗೆ ಒಂದು ಸೊನ್ನೆಯೇ ಗುರುತು. ಆ ಲಿಪಿ ಸೇಜೊಙ್ ದೊರೆಯ ಕಾಲದ್ದು, 1446ರಲ್ಲಿ ಜನರಿಗೆ ಬಂತು. ನಮ್ಮ ಅನುಸ್ವಾರ, ಅವರ ಙ, ನೋಡಲು ಎರಡೂ ಸೊನ್ನೆ.

2000ದಲ್ಲಿ ಬಂದ ಸರ್ಕಾರಿ ನಿಯಮದ ಪ್ರಕಾರ ಈ ಹೆಸರು ಜೆ-ಇ-ಒ-ಎನ್-ಜಿ, ಎಚ್-ಒ. ಆದರೆ ಎಷ್ಟೋ ಜನ ಹಳೆಯ ರೂಢಿಯಂತೆ ಜೆ-ಯು-ಎನ್-ಜಿ ಬರೆಯುತ್ತಾರೆ. ಗಂಡನಿಗೂ ಅದೇ ಇಷ್ಟವಿತ್ತು, ಚಿಕ್ಕದು, ಹೊರದೇಶದವರಿಗೆ ಸುಲಭ ಅಂತ. ಅಮ್ಮ ಓದಿದರು. "ಜಂಗ್ ಅಂದ್ರೆ ತುಕ್ಕಲ್ವೇನೇ? ಜಂಗು ಹಿಡಿದ ಕಬ್ಬಿಣ ಅಂತೀವಲ್ಲ." ಅಲ್ಲಿಗೆ ಅದು ಮುಗಿಯಿತು. ಗಂಡನಿಗೆ ನಾನು ಇನ್ನೊಂದು ಕಾರಣವನ್ನೂ ಹೇಳಿದೆ. ಸರ್ಕಾರಿ ನಿಯಮದಲ್ಲಿ ಜೆ-ಯು-ಎನ್-ಜಿ ಅಂದರೆ 'ಜುಙ್' ಆಗುತ್ತದೆ, ಅದು ಬೇರೆಯೇ ಅಕ್ಷರ.

ಇನ್ನು ನಡುವಿನ ಅಡ್ಡಗೆರೆ. ಪಾಸ್‌ಪೋರ್ಟಿನಲ್ಲಿ ಎರಡು ಅಕ್ಷರ ಕೂಡಿಸಿ ಬರೆಯುವುದು ನಿಯಮ, ಬೇಕಾದವರು ನಡುವೆ ಗೆರೆ ಹಾಕಬಹುದು. ಕೂಡಿಸಿ ಬರೆದರೆ ಕೊನೆಯ ಮೂರು ಅಕ್ಷರ ಜಿ-ಎಚ್-ಒ. ನಮ್ಮ ದೇಶದಲ್ಲಿ ಯಾರು ಓದಿದರೂ 'ಘೋ' ಅನ್ನುತ್ತಾರೆ. ಮಗುವಿನ ಹೆಸರು ಜಿಯೋಂಘೋ ಆಗಿಬಿಡುತ್ತದೆ. ನಾಲ್ಕು ದಿನ ಇದೇ ಯೋಚನೆ. ಗಂಡ ಹೇಳಿದ್ದು, ವಿಮಾನದ ಟಿಕೆಟ್‌ನಲ್ಲಿ ಗೆರೆ ಹೇಗೂ ಕಾಣೆಯಾಗುತ್ತದೆ, ಒಂದು ಕಾಗದದಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ನಮಗೇ ತೊಂದರೆ. ಬೆಎನಾ ನೆನಪಾಯಿತು. ಗೆರೆ ಬೇಡ ಅಂದೆ. ಬಾಯಿಂದ ಸರಿಯಾಗಿ ಹೇಳುವುದನ್ನು ನಾನೇ ಎಲ್ಲರಿಗೂ ಕಲಿಸುತ್ತೇನೆ ಅಂತ ನಿರ್ಧಾರ ಮಾಡಿದೆ.

ಮನೆತನದ ಹೆಸರಿಗೆ ಯೋಚನೆ ಬೇಕಿರಲಿಲ್ಲ. ಹೇಳುವುದು 'ಈ', ನಿಯಮದ ಪ್ರಕಾರ ಬರೆದರೆ ಐ ಅನ್ನುವ ಒಂದೇ ಅಕ್ಷರ. ಆದರೆ ಬಹುಪಾಲು ಜನರ ಹಾಗೆ ಗಂಡನ ಪಾಸ್‌ಪೋರ್ಟಿನಲ್ಲೂ ಲೀ ಇದೆ. ತಂದೆ ಮಗನ ಸ್ಪೆಲಿಂಗ್ ಬೇರೆಯಾದರೆ ಪ್ರಯಾಣದಲ್ಲಿ ಪ್ರಶ್ನೆ ಬರುತ್ತದೆ, ಲೀ ಅಂತಲೇ ಬರೆದೆವು. ಒಂದು ಸಲ ಪಾಸ್‌ಪೋರ್ಟಿಗೆ ಹೋದ ಸ್ಪೆಲಿಂಗನ್ನು ಮನಸ್ಸು ಬದಲಾಯಿತು ಅಂತ ತಿದ್ದಿಸಲು ಆಗುವುದಿಲ್ಲ. ಒಂದು ವಾರ ಬೇಕಾದರೂ ಯೋಚಿಸಿ.

ಫೋಟೋಗೆ ಬಿಳಿ ಬೆಡ್‌ಶೀಟ್ ಹಾಸಿ ಮಗುವನ್ನು ಮಲಗಿಸಿ ಮೇಲಿಂದ ತೆಗೆದೆವು. ಕಣ್ಣು ಬಿಟ್ಟಿರಬೇಕು, ಬಾಯಿ ಮುಚ್ಚಿರಬೇಕು, ನೆರಳು ಬೀಳಬಾರದು. ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಪಾಸ್‌ಪೋರ್ಟಿಗೆ ಸುಮಾರು ಮೂವತ್ತು ಸಾವಿರ ವಾನ್.

ಫೆಬ್ರವರಿಯಲ್ಲಿ ಓಸಿಐ ಅರ್ಜಿ. ನಮ್ಮ ದೇಶದಲ್ಲಿ ಎರಡು ಪೌರತ್ವ ಇಲ್ಲ, ಮಗ ಕೊರಿಯಾದವನು, ಹಾಗಾಗಿ ಇದು ಬೇಕು. ಶುಲ್ಕ 275 ಡಾಲರ್. ಫೋಟೋ ಈಗ ಚೌಕ, ಎರಡಿಂಚು ಎರಡಿಂಚು. ಪಾಸ್‌ಪೋರ್ಟಿಗೆ ತೆಗೆದ ಮೂರೂವರೆ ನಾಲ್ಕೂವರೆ ಸೆಂಟಿಮೀಟರಿನದ್ದು ನಡೆಯುವುದಿಲ್ಲ. ಮೊದಲ ದಿನವೇ ಎರಡೂ ಅಳತೆಯಲ್ಲಿ ಪ್ರಿಂಟ್ ಹಾಕಿಸಿಟ್ಟುಕೊಳ್ಳಿ. ಮಗುವಿನ ಮೂಲ ದಾಖಲೆ, ನಮ್ಮ ಮದುವೆ ದಾಖಲೆ ಎರಡನ್ನೂ ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮಾಡಿಸಿ, ಒಂದು ದೇಶದ ದಾಖಲೆ ಇನ್ನೊಂದು ದೇಶದಲ್ಲಿ ನಡೆಯಲು ಬೇಕಾದ ಅಪೊಸ್ಟಿಲ್ ಮುದ್ರೆ ಹಾಕಿಸಿದೆವು. ಮುದ್ರೆಗೆ ಒಂದು ಕಾಗದಕ್ಕೆ ಸಾವಿರ ವಾನ್ ಅಷ್ಟೆ. ಅನುವಾದ ಮತ್ತು ನೋಟರಿಗೇ ಜಾಸ್ತಿ ಖರ್ಚು.

ಅನುವಾದ ಬಂತು. ಮಗ ಜೆ-ಯು-ಎನ್-ಜಿ ಆಗಿದ್ದ. ನಾನು ಬೀನಾ ಆಗಿದ್ದೆ. ಅನುವಾದ ಮಾಡಿದವರು ಹಂಗುಲ್ ನೋಡಿ ತಮಗೆ ರೂಢಿ ಇದ್ದ ಹಾಗೆ ಬರೆದಿದ್ದರು. ಬೆಎನಾ ಅನ್ನುವುದು ಇಂಗ್ಲಿಷಿಗೆ ಹೋಗಿ ಬೀನಾ ಆಗಿತ್ತು. ಅವರ ತಪ್ಪು ಅಂತ ಹೇಳಲಾರೆ, ನಾವು ಪಾಸ್‌ಪೋರ್ಟ್ ಪ್ರತಿ ಕೊಟ್ಟಿರಲಿಲ್ಲ. ಆದರೆ ನೋಟರಿ ಆಗಿಹೋಗಿತ್ತು. ಮತ್ತೆ ಮೊದಲಿಂದ ಮಾಡಿಸಿದೆವು, ಎರಡು ಸಲದ ದುಡ್ಡು, ಒಂಬತ್ತು ದಿನ. ಅನುವಾದಕ್ಕೆ ಕೊಡುವಾಗ ಅಪ್ಪ, ಅಮ್ಮ, ಮಗು ಮೂವರ ಪಾಸ್‌ಪೋರ್ಟ್ ಪ್ರತಿಯನ್ನೂ ಜೊತೆಗೆ ಕೊಡಿ. ನೋಟರಿಗೆ ಹೋಗುವ ಮೊದಲು ಕರಡು ತರಿಸಿ ನೋಡಿ. ಇದೊಂದನ್ನು ಮರೆಯಬೇಡಿ.

ಏಪ್ರಿಲ್‌ನಲ್ಲಿ ಕಾರ್ಡ್ ಬಂತು. ಕೊನೆಯ ವಾರ ತೀರ್ಥಹಳ್ಳಿಗೆ ಬಂದೆವು. ಹನ್ನೊಂದನೇ ದಿನ ಆಗಬೇಕಿದ್ದ ನಾಮಕರಣ ಏಳನೇ ತಿಂಗಳಲ್ಲಿ ಆಯಿತು. ಅಪ್ಪ ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ ಹರಡಿ, ಅಮ್ಮನ ಉಂಗುರ ಹಿಡಿದು ಹೆಸರು ಬರೆಯಲು ಕೂತರು. ನಾನು ಮೊದಲೇ ಚೀಟಿ ಬರೆದು ಕೊಟ್ಟಿದ್ದೆ. ಜ ಬರೆದರು. ಆಮೇಲೆ ಕೈ ನಿಂತಿತು. ಅರವತ್ತು ವರ್ಷದ ಹಿಂದೆ ಸ್ಲೇಟಿನ ಮೇಲೆ ಬರೆದ ಅಕ್ಷರ ಅದು. ಚೀಟಿ ನೋಡಿದರು. ಅಕ್ಕಿಯನ್ನು ಒಮ್ಮೆ ಸಮ ಮಾಡಿಕೊಂಡು, ಙ ಬರೆದು, ಪಕ್ಕದಲ್ಲಿ ಹೋ ಬರೆದರು. ನನ್ನ ಗಂಡ ಬಗ್ಗಿ ನೋಡುತ್ತಾ, ಇದರಲ್ಲಿ ನೀರು ಯಾವುದು ಅಂತ ಕೇಳಿದರು. ನಾನು ಕಿಟಕಿಯ ಆಚೆ ತೋರಿಸಿದೆ.

ಅಪ್ಪ ಮಗುವನ್ನು ತೊಡೆಯ ಮೇಲೆ ಎತ್ತಿಕೊಂಡು ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದರು. ನಾನು ಹತ್ತಿರವೇ ಕೂತು ಕೇಳುತ್ತಿದ್ದೆ. ಮೂರು ಸಲವೂ ಗ ಕೇಳಲಿಲ್ಲ.